ಚೌಡಪ್ಪನ ಎರಡನೆಯ ತಲೆ

ಈ ಕೆಲಸಕ್ಕೆ ಆಗ ಹೆಸರಿರಲಿಲ್ಲ. ಈಗ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದು ಬಂದಿದೆಯಂತೆ. ನಮ್ಮ ಕಾಲದಲ್ಲಿ ಸಿನಿಮಾದ ಕೊನೆಯ ಕೊಲೆ ಮುಗಿದ ಮೇಲೆ ಕೈ ತೊಳೆಯಲು ಎಲ್ಲರಿಗಿಂತ ಹೆಚ್ಚು ನೀರು ಕೇಳುವವನು ಯಾರೋ ಅವನೇ ನಾನು. ಒಂದೇ ಒಂದು ಸಿನಿಮಾದಲ್ಲಿ ನನ್ನ ಹೆಸರು ಪರದೆಯ ಮೇಲೆ ಬಂತು: ‘ಬಣ್ಣ ಮತ್ತು ಇತರೆ: ನಂಜಪ್ಪ, ದೊಡ್ಡಬಳ್ಳಾಪುರ’. ಆ ‘ಇತರೆ’ಯೊಳಗೆ ನಾಲ್ಕು ಕೈ, ಎರಡು ಕಾಲು ಮತ್ತು ಒಬ್ಬ ಮನುಷ್ಯನ ಕರುಳು ಪೂರ್ತಿಯಾಗಿ ಅಡಗಿದ್ದವು.

ಈಚೆಗೆ ಈ ಕಸುಬಿಗೆ ಇಳಿಯುತ್ತಿರುವ ಇಬ್ಬರು ಮನೆ ಹುಡುಕಿಕೊಂಡು ಬಂದು, “ಗುರುಗಳೇ, ರಕ್ತದ ಗುಟ್ಟು ಹೇಳಿಕೊಡಿ” ಎಂದರು. ರಕ್ತದಲ್ಲಿ ಗುಟ್ಟೇನೂ ಇಲ್ಲ, ಎಲ್ಲ ಅಡುಗೆಮನೆಯಲ್ಲಿದೆ. ಅದನ್ನೂ ಬರೆಯುತ್ತೇನೆ. ಆದರೆ ನಾನು ಲೇಖನಿ ಹಿಡಿದದ್ದು ಅದಕ್ಕಲ್ಲ. ನನ್ನ ಕೆಲಸ ಕೆಟ್ಟಾಗ ಜನ ನಕ್ಕರು, ಡೈರೆಕ್ಟರು ಬೈದರು, ಅಲ್ಲಿಗೆ ಮುಗಿಯಿತು. ಒಂದು ಸಲ ಮಾತ್ರ ಕೆಲಸ ತೀರಾ ಚೆನ್ನಾಗಿ ಬಂದುಬಿಟ್ಟಿತು. ಅದರಿಂದಾಗಿ ಸೂಲಿಬೆಲೆ ಕಡೆಯ ಒಬ್ಬ ಹೆಣ್ಣುಮಗಳು, ಗಂಡ ಗಟ್ಟಿಮುಟ್ಟಾಗಿ ಡೈರಿಗೆ ಹಾಲು ಹಾಕುತ್ತಿರುವಾಗಲೇ, ಬಳೆ ಒಡೆದುಕೊಂಡಳು. ಆ ಕೈಗೆ ಮತ್ತೆ ಬಳೆ ಏರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ಕಳೆದ ನಾಲ್ಕು ದಿನಗಳ ಬಗ್ಗೆ ಈ ಕೆಲಸಕ್ಕೆ ಬರುವವರು ತಿಳಿದಿರುವುದು ಒಳ್ಳೆಯದು. ಮೊದಲು ರಕ್ತ.

ನಾನು ಮೂಲತಃ ಕೊಲೆಗಡುಕನಲ್ಲ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆಯೊಂದರಲ್ಲಿ ಕೆಲಸಕ್ಕಿದ್ದವನು. ಮೊಣಕೈವರೆಗೆ ಸದಾ ಒಂದಲ್ಲ ಒಂದು ಬಣ್ಣ. ಅರವತ್ತರ ದಶಕದ ಮೊದಲಿಗೆ ನಮ್ಮ ಬೀದಿಯ ನೇಕಾರರೇ ಸೇರಿ ಒಂದು ಪೌರಾಣಿಕ ನಾಟಕ ಕಟ್ಟಿದರು. ಅದರಲ್ಲಿ ರಾಕ್ಷಸನ ಹೊಟ್ಟೆ ಬಗೆಯಬೇಕು. “ಲೇ ನಂಜ, ನಿನ್ ಕೈ ಹೆಂಗೂ ಕೆಂಪಗೈತೆ, ಈ ಕೆಲ್ಸ ನಿಂದೇ ಕಣೋ” ಎಂದರು. ಈ ಕಸುಬಿಗೆ ನಾನು ಆಯ್ಕೆಯಾದ ಕ್ರಮ ಇಷ್ಟೇ. ಪರೀಕ್ಷೆ, ಸಂದರ್ಶನ ಏನೂ ಇರಲಿಲ್ಲ.

ಅರಿಶಿನಕ್ಕೆ ಸುಣ್ಣ ಕಲಸಿದರೆ ಕೆಂಪಾಗುತ್ತದೆ ಎಂದು ಆರತಿ ಎತ್ತಿದ ಮನೆಯವರಿಗೆಲ್ಲ ಗೊತ್ತು. ನನ್ನ ಮೊದಲ ರಕ್ತ ಅದೇ. ಕರುಳಿಗೆ ನಮ್ಮ ದೇವನಹಳ್ಳಿ ಪಕ್ಕದ ವಿಜಯಪುರದ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಮಿಕ್ಕುವ ಜೊಟ್ಟು ತಂದೆ. ಬಿಚ್ಚಲಾಗದೆ ಉಳಿದ ಆ ಸಿಕ್ಕು ನೂಲನ್ನು ಹೊಸೆದು ಕೆಂಪು ನೀರಿನಲ್ಲಿ ಅದ್ದಿದರೆ ಅಸಲಿ ಕರುಳಿಗಿಂತ ಹೆಚ್ಚು ಹೊಳೆಯುತ್ತದೆ. ರಕ್ತವನ್ನು ಬಲೂನಿನಲ್ಲಿ ತುಂಬಿ ರಾಕ್ಷಸನ ಹೊಟ್ಟೆಗೆ ಕಟ್ಟಿದೆ. ಎಲ್ಲ ಸರಿಯಾಗಿತ್ತು. ಆದರೆ ರಾಕ್ಷಸ ಮೊದಲನೆಯ ಅಂಕದಲ್ಲೇ ಸಿಂಹಾಸನದ ಮೇಲೆ ಗತ್ತಿನಿಂದ ಕುಳಿತ. ಬಲೂನು ಒಡೆಯಿತು. ಇನ್ನೂ ಯಾರೂ ಮುಟ್ಟದ ರಾಕ್ಷಸ ರಕ್ತ ಸುರಿಸುತ್ತ ಮೂರು ಕಂದಪದ್ಯ ಹಾಡಿದ. ಮುಂದಿನ ಸಾಲಿನಲ್ಲಿದ್ದ ಒಬ್ಬರು, “ಪಾಪ, ಮೂಲವ್ಯಾಧಿ” ಎಂದರು. ಅಂದು ಕಲಿತದ್ದು: ಸಾಯುವವನನ್ನು ಸಾಯುವ ಮುಂಚೆ ಕೂರಿಸಬಾರದು.

ಆ ನಾಟಕ ನೋಡಲು ಬಂದಿದ್ದ ಹೊಸಕೋಟೆಯ ಗೋವಿಂದರಾಜು ಎಂಬವರು ಮುಂದೆ ಸಿನಿಮಾ ತೆಗೆಯಲು ಹೊರಟಾಗ ನನ್ನನ್ನು ನೆನೆದರು. ಅವರು ತೆಗೆದದ್ದೆಲ್ಲ ಒಂದೇ ಬಗೆಯ ಸಿನಿಮಾ. ಒಂದು ತೋಟ, ಒಂದು ಕುಡುಗೋಲು, ಮುಸುಕು ಹಾಕಿಕೊಂಡ ಒಬ್ಬ, ಐದೋ ಏಳೋ ಕೊಲೆ. ಕೊಲೆಗಳ ನಡುವೆ ಬಿಡುವು ಸಿಕ್ಕಾಗ ಜನ ಪ್ರೀತಿ ಮಾಡುತ್ತಿದ್ದರು. ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಗಳಲ್ಲಿ, ನೀಲಗಿರಿ ತೋಪುಗಳಲ್ಲಿ, ಪಾಳು ಬಿದ್ದ ಪಂಪ್‌ಹೌಸುಗಳಲ್ಲಿ ನಾವು ಎಷ್ಟು ಜನರನ್ನು ಕೊಂದೆವೋ ಲೆಕ್ಕವಿಲ್ಲ.

ಗೋವಿಂದರಾಜು ಅವರ ವಿಷಯ ಒಂದು ಹೇಳಲೇಬೇಕು. ಇಷ್ಟೆಲ್ಲ ಕೊಲೆ ಯೋಚಿಸುವ ಮನುಷ್ಯನಿಗೆ ರಕ್ತ ನೋಡಿದರೆ ಆಗುತ್ತಿರಲಿಲ್ಲ. ಕೋಳಿ ಕೊಯ್ಯುವ ಅಂಗಡಿ ಬಂದರೆ ರಸ್ತೆಯ ಆ ಬದಿಗೆ ಹೋಗುವವರು. ಶಾಟ್ ತೆಗೆಯುವಾಗ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತು, “ಆಯ್ತೇನ್ರೀ? ಸತ್ತನೇನ್ರೀ? ಚೆನ್ನಾಗಿ ಸತ್ತನೇನ್ರೀ?” ಎಂದು ಕೇಳುವರು. “ಸತ್ತ ಸಾರ್” ಎಂದು ನಾನು ಹೇಳಬೇಕು. ಆಗ ಅವರು, ಇನ್ನೂ ಬೆನ್ನು ತಿರುಗಿಸಿಯೇ, “ಓಕೆ” ಎನ್ನುವರು. ಮೇಲಧಿಕಾರಿ ನಮ್ಮ ಕೆಲಸವನ್ನು ನೋಡದೆ ಒಪ್ಪಿಕೊಳ್ಳುವುದು ಎಲ್ಲರ ಭಾಗ್ಯದಲ್ಲಿ ಇರುವುದಿಲ್ಲ.

ಕಪ್ಪು ಬಿಳುಪಿನ ಕಾಲದಲ್ಲಿ ನನ್ನ ಕೆಂಪು ರಕ್ತ ಮೊದಲ ದಿನವೇ ಮಾನ ಕಳೆಯಿತು. ಕ್ಯಾಮೆರಾದ ವರದಣ್ಣ ತಮಿಳಿನವರು. ಗಾಜಿನಲ್ಲಿ ಕಣ್ಣಿಟ್ಟು ನೋಡಿ, “ಏನಪ್ಪಾ ನಂಜಪ್ಪಾ, ಕುತ್ತಿಗೆ ಕುಯ್ದ್ರೆ ಮಜ್ಜಿಗೆ ಬರುತ್ತಾ ನಿಮ್ಮೂರಲ್ಲಿ?” ಎಂದರು. ಕಪ್ಪು ಬಿಳುಪಿನಲ್ಲಿ ತೆಳು ಕೆಂಪು ಬೂದಿ ನೀರಿನಂತೆ ಕಾಣುತ್ತದೆ ಎಂದು ನನಗೇನು ಗೊತ್ತು? ಅವರು ಹೇಳಿದಂತೆ ಬೆಲ್ಲದ ಪಾಕಕ್ಕೆ ದೀಪದ ಕಾಡಿಗೆ ಕಲಸಿ ಕಪ್ಪಗೆ ಮಂದಗೆ ಮಾಡಿದೆ. ಪರದೆಯ ಮೇಲೆ ಅದ್ಭುತವಾಗಿ ಬಂತು. ತೊಂದರೆ ಆದದ್ದು ಸತ್ತವರಿಗೆ. ನೀಲಗಿರಿ ತೋಪಿನಲ್ಲಿ ಕೊಲೆಯಾಗಿ ಬಿದ್ದವನನ್ನು ಹುಡುಕಿಕೊಂಡು ಕಟ್ಟಿರುವೆಗಳು ಸಾಲು ಹಿಡಿದು ಬರುತ್ತಿದ್ದವು. ಹೆಣ ಎದ್ದು ಕುಣಿಯುತ್ತಿತ್ತು. ಸಾಯುವ ಪಾತ್ರಕ್ಕೆ ಬಂದವರಿಗೆ ನಾನು ಮುಂಚೆಯೇ ಮೈಗೆ ಸೀಮೆಎಣ್ಣೆ ಸವರತೊಡಗಿದೆ. ಇರುವೆ ನಿಂತಿತು, ಆದರೆ ಸಾಯುವ ಗಂಡನನ್ನು ತಬ್ಬಿಕೊಂಡು ಅಳಬೇಕಾದ ನಾಯಕಿ ಮೂಗು ಮುಚ್ಚಿಕೊಂಡು ದೂರದಿಂದಲೇ ಅತ್ತಳು.

ಆಮೇಲೆ ಕಲರ್ ಬಂತು. ಮತ್ತೆ ಅರಿಶಿನ ಸುಣ್ಣಕ್ಕೆ ಮರಳಿದೆ. ಅದರ ಗುಣ ನೋಡಿ: ಗಾಳಿ ಬೆವರು ತಾಗಿದಂತೆ ಕೆಂಪು ಇಳಿದು ಹಳದಿ ಮೇಲೇಳುತ್ತದೆ. ಬೆಳಿಗ್ಗೆ ಕುಡುಗೋಲಿನಿಂದ ಕೊಲೆಯಾದವನು ಮಧ್ಯಾಹ್ನದ ಹೊತ್ತಿಗೆ ಕಾಮಾಲೆಯಿಂದ ಸತ್ತಂತೆ ಕಾಣುತ್ತಿದ್ದ. ಇದಕ್ಕೆ ಪರಿಹಾರ ನನ್ನ ಹಳೆಯ ಮನೆಯಲ್ಲೇ ಇತ್ತು, ನೂಲಿಗೆ ಹಾಕುವ ಬಣ್ಣ. ಅದನ್ನು ಪಾಕಕ್ಕೆ ಕಲಸಿದೆ. ಇಳಿಯಲಿಲ್ಲ, ಮಾಸಲಿಲ್ಲ, ತೊಳೆದರೂ ಹೋಗಲಿಲ್ಲ. ರೇಷ್ಮೆ ಸೀರೆಗೆ ಅದು ಹೆಮ್ಮೆಯ ವಿಷಯ. ಕುತ್ತಿಗೆ ಕೊಯ್ಯಿಸಿಕೊಂಡ ನಟ ಮಾತ್ರ ಎರಡು ವಾರ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬೇಸಿಗೆಯಲ್ಲಿ ಓಡಾಡಿದ. ಹೆಣ್ಣು ನೋಡಲು ಹೋದ ಮನೆಯಲ್ಲಿ ಅವರು ಮಫ್ಲರ್ ಬಿಚ್ಚಿಸಿ ನೋಡಿ ಕಾಫಿ ಕೊಟ್ಟು ಕಳಿಸಿದರಂತೆ. ಆಮೇಲೆ ಚರ್ಮಕ್ಕೆ ಮೊದಲು ಹರಳೆಣ್ಣೆ ಹಚ್ಚಿ, ಮೇಲೆ ಬಣ್ಣ ಹಾಕುವುದನ್ನು ಕಲಿತೆ.

ಇಷ್ಟು ಹೊತ್ತಿಗೆ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಗೋವಿಂದರಾಜು ಹೊಸ ಸಿನಿಮಾಕ್ಕೆ ಊರ ಯಜಮಾನನ ತಲೆ ಕಡಿದು, ದ್ರಾಕ್ಷಿ ಚಪ್ಪರದ ಕಂಬಕ್ಕೆ ನೇತುಹಾಕುವ ದೃಶ್ಯ ಯೋಚಿಸಿದರು. “ನಂಜಪ್ಪ, ತಲೆ ನೋಡಿ ಹೆತ್ತ ತಾಯಿ ಅಳಬೇಕು, ಹಂಗಿರ್ಬೇಕು” ಎಂದರು. ಈ ಮಾತನ್ನು ಅವರು ಅಲಂಕಾರಕ್ಕೆ ಆಡಿದ್ದರು ಎಂದು ಇಬ್ಬರೂ ತಿಳಿದಿದ್ದೆವು.

ಯಜಮಾನನ ಪಾತ್ರಕ್ಕೆ ಬಂದವರು ಸೂಲಿಬೆಲೆಗೆ ಎರಡು ಮೈಲಿ ಆಚೆಯ ಹಳ್ಳಿಯ ಚೌಡಪ್ಪ. ಐವತ್ತರ ಆಸುಪಾಸು. ನಾಲ್ಕು ಹಸು ಕಟ್ಟಿದ್ದರು, ರಾಗಿ ಬೆಳೆಯುತ್ತಿದ್ದರು, ನಾಟಕದ ಹುಚ್ಚು. ಅಗಲವಾದ ಮುಖ, ದಪ್ಪ ಮೀಸೆ, ಎಡ ಹುಬ್ಬಿನ ಮೇಲೆ ಎತ್ತಿನ ಕೊಂಬು ತಾಗಿದ ಗಾಯದ ಗುರುತು. ಕಡಿಯಲು ಹೇಳಿ ಮಾಡಿಸಿದಂತಹ ತಲೆ. ಅಚ್ಚು ತೆಗೆಯುವಾಗ ಮುಖಕ್ಕೆಲ್ಲ ಹರಳೆಣ್ಣೆ ಬಳಿದು, ಉಸಿರಾಡಲು ಮೂಗಿಗೆ ಪರಂಗಿ ಎಲೆಯ ದಂಟಿನ ಕೊಳವೆ ಇಟ್ಟು, ಮೇಲೆ ಪ್ಲಾಸ್ಟರ್ ಸುರಿದೆ. ಅಲುಗಾಡಬೇಡಿ ಎಂದಿದ್ದೆ. ಅಲುಗಾಡಲಿಲ್ಲ. ಗೊರಕೆ ಹೊಡೆದರು. ಕೊಳವೆಯಲ್ಲಿ ನಾದಸ್ವರ ಹೊರಟಿತು.

ಕಾಗದ ನೆನೆಸಿ ಮೆಂತ್ಯದ ಜೊತೆ ರುಬ್ಬಿ, ಅಚ್ಚಿಗೆ ಮೆತ್ತಿ ಒಣಗಿಸಿದೆ. ಮೇಲೆ ಜೇನುಮೇಣದ ಪದರ ಕೊಟ್ಟೆ. ಮುಟ್ಟಿದರೆ ತಣ್ಣಗೆ, ಸ್ವಲ್ಪ ಮೆತ್ತಗೆ. ಕೂದಲಿಗೆ ಬೇರೆ ಕಡೆ ಹೋಗಲಿಲ್ಲ. ಚೌಡಪ್ಪ ಕ್ಷೌರ ಮಾಡಿಸಿಕೊಂಡಾಗ ಬಿದ್ದದ್ದನ್ನೇ ಆರಿಸಿ ತಂದು, ಒಂದೊಂದೇ ಎಳೆ ಮೇಣಕ್ಕೆ ನೆಟ್ಟೆ. ಅವರು ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆಯ ವಾಸನೆ ಅದರಲ್ಲೇ ಉಳಿದಿತ್ತು. ಕಣ್ಣು ಅರೆ ಮುಚ್ಚಿಸಿದೆ. ಕುತ್ತಿಗೆಯ ಕೆಳಗೆ ಜೊಟ್ಟಿನ ನರ, ನೂಲು ಬಣ್ಣದ ರಕ್ತ. ಎರಡು ತಿಂಗಳ ಕೆಲಸ. ತಲೆ ಹೊರಬರಲು ಅಚ್ಚನ್ನು ಒಡೆಯಬೇಕಾಯಿತು, ಆದ್ದರಿಂದ ಇದ್ದದ್ದು ಅದೊಂದೇ. ಚೌಡಪ್ಪ ಅದನ್ನು ನೋಡಿ, “ನನಗಿಂತ ಲಕ್ಷಣವಾಗೈತೆ ಕಣಯ್ಯ. ಇದ್ನೇ ಮನೇಗೆ ಕಳ್ಸಿ ನಾನಿಲ್ಲೇ ಇದ್ಬುಡ್ಲಾ?” ಎಂದರು.

ಶೂಟಿಂಗಿನ ಹಿಂದಿನ ದಿನ ಅವರ ಕಿವಿಯ ಕಡಕು ತಲೆಗೆ ತೊಡಿಸಿ ನೋಡಬೇಕಿತ್ತು. ತಲೆಯನ್ನು ಬಿದಿರು ಬುಟ್ಟಿಯಲ್ಲಿಟ್ಟು, ಪಂಚೆ ಮುಚ್ಚಿ, ವಿಜಯಪುರದಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು, “ಏನ್ ಗುರು ಅದು, ಕುಂಬಳಕಾಯಾ?” ಎಂದ. “ಹೂಂ” ಎಂದೆ. ಪಕ್ಕದಲ್ಲಿ ಕುಳಿತ ಅಜ್ಜಿ ಬುಟ್ಟಿಯ ಮೇಲೆ ಮೊಣಕೈ ಊರಿ ಸೂಲಿಬೆಲೆಯವರೆಗೆ ತೂಕಡಿಸಿತು.

ಚೌಡಪ್ಪನ ಮನೆ ತಲುಪಿದಾಗ ಮೂರು ಗಂಟೆಯ ಹೊತ್ತು. ಅವರು ಡೈರಿಗೆ ಹಾಲು ಹಾಕಲು ಹೋಗಿದ್ದರು. ಜಗಲಿಯ ಮೇಲೆ ಅವರ ತಾಯಿ ಕುಳಿತಿದ್ದರು. ಪೊರೆ ಬಂದು ಕಣ್ಣು ಸರಿಯಾಗಿ ಕಾಣದು. “ಯಾರಪ್ಪಾ?” ಎಂದರು. “ನಾನಮ್ಮ, ಬಣ್ಣದ ನಂಜಪ್ಪ” ಎಂದೆ. ಬುಟ್ಟಿಯನ್ನು ಅವರ ಪಕ್ಕದಲ್ಲಿಟ್ಟು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ನನ್ನ ಇಡೀ ವೃತ್ತಿಜೀವನದ ತಪ್ಪು ಅದು, ಆ ಬುಟ್ಟಿಯನ್ನು ಬಿಟ್ಟು ಹೋದದ್ದು. ವಿಜಯಪುರದಿಂದ ಬರುವಾಗೆಲ್ಲ ನಾನು ಅವರಿಗೆ ದ್ರಾಕ್ಷಿ ತರುತ್ತಿದ್ದೆ. ಇದೂ ದ್ರಾಕ್ಷಿಯೇ ಎಂದುಕೊಂಡು ಆ ತಾಯಿ ಪಂಚೆಯ ಕೆಳಗೆ ಕೈ ಹಾಕಿದರು.

ನಾನು ಕೇಳಿದ ಕೂಗನ್ನು ಬರೆಯಲಾರೆ. ನಮ್ಮ ಸಿನಿಮಾಗಳಲ್ಲಿ ಅಂಥದ್ದನ್ನು ಯಾರೂ ಕೂಗಿರಲಿಲ್ಲ. ತಂಬಿಗೆ ಹಿಡಿದೇ ಓಡಿ ಬಂದೆ. ಆ ತಾಯಿ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಹುಬ್ಬಿನ ಗಾಯ ಸವರಿ, ಕೂದಲು ಮೂಸಿ, “ನನ್ ಕಂದನ್ನ ಕಡಿದ್ಬುಟ್ರಲ್ಲೋ” ಎನ್ನುತ್ತಿದ್ದರು. ಕೈಗೆಲ್ಲ ನನ್ನ ಬಣ್ಣ. ಒಳಗಿನಿಂದ ಚೌಡಪ್ಪನ ಹೆಂಡತಿ ಮುನಿಯಮ್ಮ ಬಂದರು. ಅವರು ಕೂಗಲಿಲ್ಲ. ಒಂದು ಗಳಿಗೆ ನೋಡಿದರು. ಹೊಸ್ತಿಲ ಕಲ್ಲಿನ ಮುಂದೆ ಕುಳಿತು ಎರಡೂ ಕೈಗಳನ್ನು ಒಟ್ಟಿಗೆ ಎತ್ತಿ ಹೊಡೆದರು. ಹಸಿರು ಗಾಜು ನನ್ನ ಕಾಲಿನವರೆಗೆ ಸಿಡಿಯಿತು.

“ಅಮ್ಮಾ, ಕಾಗದ! ಕಾಗದ ಅಮ್ಮಾ, ಮೆಂತ್ಯ! ಮೆಂತ್ಯ!” ಎಂದು ನಾನು ಕೂಗಿಕೊಂಡೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಈ ಮಾತುಗಳಿಂದ ಸಮಾಧಾನ ಹೇಳಿದವನು ನಾನೊಬ್ಬನೇ ಇರಬೇಕು. ಬೀದಿ ತುಂಬ ಜನ ಸೇರಿದರು. ಅಷ್ಟರಲ್ಲಿ ಸೈಕಲ್ಲಿಗೆ ಖಾಲಿ ಕ್ಯಾನು ತಗುಲಿಸಿಕೊಂಡು ಚೌಡಪ್ಪ ಬಂದರು.

“ಏನ್ರಲಾ ಇದು? ಯಾರು ಹೋಗ್ಬುಟ್ರು?”

ಗುಂಪಿನಲ್ಲಿದ್ದ ಒಬ್ಬ ಹೇಳಿದ: “ನೀನೇ ಕಣಣ್ಣ.”

ಚೌಡಪ್ಪ ನಕ್ಕರು. ಬೀದಿಯವರೂ ಸ್ವಲ್ಪ ಹೊತ್ತಿಗೆ ನಕ್ಕರು. ತಾಯಿ ಮಗನ ಮುಖವನ್ನೂ ಮಡಿಲಿನ ಮುಖವನ್ನೂ ಸರದಿಯಂತೆ ಸವರಿ, “ಇದು ಬಿಸಿಯಾಗೈತೆ” ಎಂದು ಮಗನನ್ನು ಹಿಡಿದುಕೊಂಡರು. ನಗದವರು ಮುನಿಯಮ್ಮ ಒಬ್ಬರೇ. ಹೊಸ್ತಿಲಿನ ಚೂರುಗಳನ್ನು ಆಯ್ದು ಸೆರಗಿಗೆ ಹಾಕಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಚೌಡಪ್ಪ ಬಳೆಗಾರನಿಗೆ ಹೇಳಿ ಕಳಿಸಿದರು. ನಾನೂ ಅಲ್ಲೇ ಇದ್ದೆ. ತಪ್ಪು ಮಾಡಿದವನಿಗೆ ಊರು ಬಿಡುವ ಧೈರ್ಯ ಇರಲಿಲ್ಲ. ಬಳೆಗಾರ ಬಳೆಗಳ ಮಲಾರ ಇಳಿಸಿದ, ವಿಷಯ ಕೇಳಿದ, ಮತ್ತೆ ಹೆಗಲಿಗೇರಿಸಿದ.

“ತಪ್ಪು ತಿಳ್ಕಾಬೇಡಿ ಅಕ್ಕಾ. ಗಂಡ ಸತ್ತ ಅಂತ ಒಡೆದ ಕೈ ಇದು. ಇದಕ್ಕೆ ಬಳೆ ಏರ್ಸಿದ್ರೆ ನಾಳೆ ಊರೂರಲ್ಲಿ ನನ್ ಕೈಯಿಂದ ಯಾರೂ ತೊಡಾಕಿಲ್ಲ.”

“ಸತ್ತಿಲ್ವಲ್ಲೋ, ಅಲ್ ನೋಡು, ಹಸಕ್ಕೆ ಹುಲ್ಲು ಹಾಕ್ತಾ ಅವ್ರೆ!” ಎಂದೆ ನಾನು.

“ನಂಗೂ ಕಾಣ್ತೈತೆ ಸ್ವಾಮಿ. ಅವ್ರು ಬದ್ಕವ್ರೆ ಅಂತ ನಾನು ಹೇಳಿದ್ರೆ ಆಯ್ತದಾ? ಊರು ಹೇಳ್ಬೇಕು.”

ಊರು ಹೇಳಲಿಲ್ಲ. ಆ ವಾರದಲ್ಲೇ ಮುನಿಯಮ್ಮನ ತಂಗಿಯ ಮಗಳ ಮದುವೆ. ಕಳಸ ಹಿಡಿಯಬೇಕಾದವರು ಮುನಿಯಮ್ಮ. ತಂಗಿ ಬಂದು, ಅಕ್ಕನ ಬರಿಗೈ ನೋಡಿ, ನೀರು ಕುಡಿದು, “ನೀನು ಸುಧಾರಿಸ್ಕೋ ಅಕ್ಕಾ, ಅವಸರ ಮಾಡ್ಬೇಡ” ಎಂದು ಹೋದಳು. ಬರಬೇಡ ಎಂದು ಅದಕ್ಕಿಂತ ಮರ್ಯಾದೆಯಾಗಿ ಹೇಳಲು ಬರುವುದಿಲ್ಲ. ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯುವಾಗ ಈ ಬಾಗಿಲು ಬಿಟ್ಟು ಆಚೆ ಬಾಗಿಲಿಗೆ ಹೋದರು. ಮುನಿಯಮ್ಮ ಅಡುಗೆ ಮಾಡಿದರು, ಬಡಿಸಿದರು, ಗಂಡನ ಮುಖ ನೋಡಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ಚೌಡಪ್ಪ ಎರಡನೆಯ ದಿನ ತಮಾಷೆ ನಿಲ್ಲಿಸಿದರು. “ನಂಜಪ್ಪ, ನಾನು ಬದುಕಿದ್ದೀನಿ ಅಂತ ನನ್ ಹೆಂಡ್ತಿಗೆ ಹೆಂಗಯ್ಯ ತೋರ್ಸೋದು? ಉಣ್ತೀನಿ, ಕೆಮ್ತೀನಿ, ಇನ್ನೇನ್ ಮಾಡ್ಲಿ?” ಎಂದು ನನ್ನನ್ನು ಕೇಳಿದರು. ಬದುಕಿದವರನ್ನು ಸತ್ತಂತೆ ತೋರಿಸುವುದಷ್ಟೇ ನಾನು ಕಲಿತಿದ್ದು.

ಮೂರನೆಯ ದಿನ ಊರ ಯಜಮಾನ ಮುದ್ದಪ್ಪನವರು, ಸಿನಿಮಾದ ಯಜಮಾನರಲ್ಲ, ನಿಜದವರು, ಅರಳಿಕಟ್ಟೆಯಲ್ಲಿ ಕುಳಿತು ವಿಚಾರ ಮಾಡಿದರು. ಅವರ ತಾತನ ಕಾಲದಲ್ಲಿ ಪಲ್ಟನ್ನಿಗೆ ಸೇರಿ ಹೋದ ಒಬ್ಬ ಸತ್ತನೆಂದು ಸುದ್ದಿ ಬಂದು, ತಿಥಿಯೆಲ್ಲ ಮುಗಿದ ಮೇಲೆ ನಡೆದುಕೊಂಡು ಬಂದನಂತೆ. ಅವನನ್ನು ಮತ್ತೆ ಹುಟ್ಟಿಸಿದರಂತೆ. ನೀರೆರೆದು, ಕೂಸನ್ನು ಮಲಗಿಸುವಂತೆ ಮೊರದಲ್ಲಿಟ್ಟು, ಹೆಸರಿಟ್ಟು, ಅದೇ ಹೆಂಡತಿಗೆ ಮತ್ತೆ ತಾಳಿ ಕಟ್ಟಿಸಿದರಂತೆ.

“ಹಂಗೇ ಮಾಡಾನ” ಎಂದರು ಮುದ್ದಪ್ಪ. “ಆದ್ರೆ ಹುಟ್ಟೋಕ್ ಮುಂಚೆ ಸತ್ತಿದ್ದು ಮಣ್ಣಾಗ್ಬೇಕು. ಯಾವುದಕ್ಕೆ ತಾಯಿ ಅತ್ಲೋ, ಹೆಂಡ್ತಿ ಬಳೆ ಒಡೆದ್ಲೋ, ಅದು ಊರ್ ದಾಟಬಾರ್ದು.”

ಅಂದರೆ ತಲೆಯನ್ನು ಹೂಳಬೇಕು. ಇದ್ದದ್ದು ಅದೊಂದೇ ತಲೆ.

ನಾಲ್ಕನೆಯ ದಿನ ಗೋವಿಂದರಾಜು ಕಾರಿನಲ್ಲಿ ಬಂದಿಳಿದರು. ತೋಟದಲ್ಲಿ ಕ್ಯಾಮೆರಾ ಮೂರು ದಿನದಿಂದ ಕಾಯುತ್ತಿತ್ತು. ಕಾರಿನ ಬಾಗಿಲನ್ನೂ ಮುಚ್ಚದೆ ಕೂಗಾಡಿದರು. “ಏನ್ರೀ ಇದು ಅನ್ಯಾಯ! ಅದು ಕಂಪನಿ ಪ್ರಾಪರ್ಟಿ ರೀ!”

“ತಲೆ ಚೌಡಪ್ಪಂದಲ್ವಾ ಸ್ವಾಮಿ?” ಎಂದರು ಮುದ್ದಪ್ಪ, ಬಹಳ ವಿನಯದಿಂದ.

“ಎಲ್ಲಿದೆ ತೋರಿಸಿ” ಎಂದು ಗೋವಿಂದರಾಜು ಜಗಲಿ ಹತ್ತಿ ಬುಟ್ಟಿಯ ಪಂಚೆ ಎಳೆದರು. ಅಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಅವರು ಮುಖಾಮುಖಿ ನೋಡಿದ್ದು ಅದೇ ಮೊದಲು. ಬಾಳೆಗಿಡ ಉರುಳುವಂತೆ ಉರುಳಿದರು. ಈರುಳ್ಳಿ ಮೂಸಿಸಿ ಎಬ್ಬಿಸಿದೆವು. ಮುದ್ದಪ್ಪ ಊರವರ ಕಡೆ ತಿರುಗಿ, “ನೋಡ್ರಪ್ಪಾ, ಮಾಡ್ಸಿದೋರ್ಗೇ ತಡಿಯಾಕಾಗ್ಲಿಲ್ಲ” ಎಂದರು. ತೀರ್ಪಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ.

ಆದರೂ ಗೋವಿಂದರಾಜು ಗೋಡೆಗೆ ಒರಗಿ ಕುಳಿತೇ ಒಂದು ರಾಜಿ ಮುಂದಿಟ್ಟರು: “ಆಯ್ತು, ಹೂಳಿ. ಒಂದೇ ಒಂದು ಶಾಟ್. ಇವತ್ತು ಮಧ್ಯಾಹ್ನ ತೆಗೆದು ಸಂಜೆ ವಾಪಸ್ ತಂದುಕೊಡ್ತೀವಿ. ಏನ್ರೀ ನಂಜಪ್ಪ, ನೀವೇ ಹೇಳಿ.”

ಎಲ್ಲರೂ ನನ್ನ ಕಡೆ ನೋಡಿದರು. ನಿಜ ಹೇಳುತ್ತೇನೆ, ನನಗೂ ಆಸೆ ಇತ್ತು. ಎರಡು ತಿಂಗಳು ಒಂದೊಂದು ಎಳೆ ಕೂದಲು ನೆಟ್ಟವನು ನಾನು. ಅಂಥ ತಲೆ ಈ ಕೈಯಿಂದ ಇನ್ನೊಂದು ಬರುವುದಿಲ್ಲವೆಂದು ಆಗಲೇ ಗೊತ್ತಿತ್ತು. ಒಂದು ಮಧ್ಯಾಹ್ನದ ಮಾತು, ಯಾರಿಗೇನು ನಷ್ಟ? ಹೂಂ ಎನ್ನಲು ಬಾಯಿ ತೆರೆದೆ.

ಮುನಿಯಮ್ಮ ಬಾಗಿಲಿಗೆ ಬಂದರು. ನಾಲ್ಕು ದಿನಕ್ಕೆ ಮೊದಲ ಮಾತು ಆಡಿದರು.

“ಇನ್ನೊಂದ್ ಸಲ ಕಡೀತೀರಾ?”

ಬೈಗುಳವಾಗಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದರು, ಅಷ್ಟೇ. ನಾನು ಬಾಯಿ ಮುಚ್ಚಿದೆ. ಪಂಚೆಯನ್ನು ಬುಟ್ಟಿಗೆ ಸರಿಯಾಗಿ ಹೊದಿಸಿ, “ಗುದ್ದಲಿ ಎಲ್ಲೈತೆ?” ಎಂದು ಚೌಡಪ್ಪನನ್ನು ಕೇಳಿದೆ. ಗೋವಿಂದರಾಜು ಕಾರು ಹತ್ತಿ ಹೋದರು.

ಅವರದೇ ಹೊಲದ ಬದುವಿನಲ್ಲಿ ಹೂತೆವು. ಚೌಡಪ್ಪ ತನ್ನ ಗುಂಡಿಯನ್ನು ತಾನೇ ತೋಡಿದರು. ಸೊಂಟ ಹಿಡಿದಾಗ, “ಸತ್ತೋನ್ಗೂ ಬಿಡುವಿಲ್ವಲ್ಲಪ್ಪ” ಎಂದರು. ಮೂರು ಹಿಡಿ ಮಣ್ಣು ಮೊದಲು ಹಾಕಬೇಕಾದವರು ಯಾರೆಂಬ ಪ್ರಶ್ನೆ ಬಂತು. ತಾಯಿ ಹಾಕಿದರು. ಆಮೇಲೆ ಚೌಡಪ್ಪನನ್ನು ಬಾವಿಕಟ್ಟೆಯಲ್ಲಿ ಕೂರಿಸಿ ಐದು ಜನ ಮುತ್ತೈದೆಯರು ನೀರೆರೆದರು. ಐವತ್ತರ ಕೂಸು ಮೊರದಲ್ಲಿ ಹಿಡಿಸದ ಕಾರಣ ಪಾದಗಳನ್ನಷ್ಟೇ ಇಡಿಸಿದರು. ಹೆಸರಿಡುವಾಗ ಕಿವಿಯಲ್ಲಿ ಹೇಳಲು ತಂದೆ ಬೇಕು; ಅವರ ತಂದೆ ತೀರಿ ಎಷ್ಟೋ ಕಾಲವಾಗಿತ್ತು. ಮುದ್ದಪ್ಪ ಯೋಚಿಸಿ ನನ್ನ ಕಡೆ ಬೆರಳು ಮಾಡಿದರು: “ಇವನನ್ನ ಇನ್ನೊಂದ್ ಸಲ ಮಾಡ್ದೋನು ನೀನು ತಾನೇ? ನೀನೇ ಅಪ್ಪ. ಬಾ.” ಹೀಗೆ ಮೂವತ್ತೈದು ದಾಟದ ನನಗೆ ಐವತ್ತು ದಾಟಿದ ಮಗ ಹುಟ್ಟಿದ. ಚಿಕ್ಕಚೌಡಪ್ಪ ಎಂದು ಮೂರು ಸಲ ಕಿವಿಯಲ್ಲಿ ಹೇಳಿದೆ. “ಜೋರಾಗಿ ಹೇಳು ಅಪ್ಪಾಜಿ, ಈ ಕಿವಿ ಮಂದ” ಎಂದ ಕೂಸು.

ಮನೆಯಂಗಳದಲ್ಲೇ ತಾಳಿ ಕಟ್ಟಿಸಿದರು. ಬಳೆಗಾರ ಮಲಾರ ಬಿಚ್ಚಿದ. ಬಳೆ ಏರುವಾಗ ಮುನಿಯಮ್ಮ ಒಂದೊಂದನ್ನೂ ನೋಡುತ್ತಿದ್ದರು. ಕೊನೆಯದು ಏರಿದ ಮೇಲೆ ತಲೆಯೆತ್ತಿ ಗಂಡನನ್ನು ನೋಡಿದರು. “ಉಂಡ್ರಾ?” ಎಂದರು. ಚೌಡಪ್ಪ ಎಲ್ಲರೆದುರು ಅತ್ತುಬಿಟ್ಟರು. ತಂಗಿಯ ಮಗಳ ಮದುವೆಯಲ್ಲಿ ಕಳಸ ಹಿಡಿದವರು ಮುನಿಯಮ್ಮನೇ.

ಸಿನಿಮಾ ಏನಾಯಿತು ಎಂದು ಕೇಳುವಿರಿ. ಬೂದುಗುಂಬಳಕ್ಕೆ ರುಮಾಲು ಸುತ್ತಿ, ದೂರದಿಂದ ತೆಗೆದರು. ಟೆಂಟಿನಲ್ಲಿ ಆ ದೃಶ್ಯ ಬಂದಾಗ ಜನ, “ಸಾಂಬಾರ್ ಮಾಡ್ರಪ್ಪೋ” ಎಂದು ಕೂಗಿದರು. ಗೋವಿಂದರಾಜು ಒಂದು ವರ್ಷ ನನ್ನೊಂದಿಗೆ ಮಾತು ಬಿಟ್ಟರು. ಆಮೇಲೆ ಐದು ಕೊಲೆಯ ಇನ್ನೊಂದು ಕಥೆ ಹಿಡಿದುಕೊಂಡು ಅವರೇ ಬಂದರು. ಮದ್ರಾಸಿನಿಂದ ಬಾಟಲಿಯಲ್ಲಿ ಸಿದ್ಧ ರಕ್ತ ಬರತೊಡಗಿತ್ತು. ರಬ್ಬರಿನ ಕೈಕಾಲು ಬಾಡಿಗೆಗೆ ಸಿಗುತ್ತಿದ್ದವು. ನಾನು ಮಾಡಿಕೊಂಡ ನಿಯಮ ಒಂದೇ, ಅದನ್ನು ನೀವೂ ಮಾಡಿಕೊಳ್ಳಿ: ಬದುಕಿರುವವರ ಮುಖವನ್ನು ಪೂರ್ತಿ ತರಬೇಡಿ. ಒಂದು ಕಿವಿ ಚಿಕ್ಕದು ಮಾಡಿ, ಒಂದು ಹಲ್ಲು ಹೆಚ್ಚು ಇಡಿ, ಏನಾದರೂ ಒಂದು ತಪ್ಪು ಬಿಡಿ. ನೋಡುವವರಿಗೆ ಆ ಹೊತ್ತಿಗೆ ಭಯವಾದರೆ ಸಾಕು. ಮನೆಯವರಿಗೆ ಗುರುತು ಹತ್ತಬಾರದು.

ನನ್ನ ಮಗ ಆಮೇಲೆ ಆರೇಳು ವರ್ಷ ಬಾಳಿದ. ಹಬ್ಬಕ್ಕೆ ಹೋದರೆ ಬೀದಿಯಲ್ಲೇ, “ಅಪ್ಪಾಜಿ ಬಂದ್ರು, ಕಾಲಿಗೆ ನೀರು ಕೊಡ್ರೇ” ಎಂದು ಕೂಗಿ ಮಾನ ತೆಗೆಯುವನು. ಒಂದು ದಿನ ಬೆಳಿಗ್ಗೆ ಹಾಲು ಕರೆಯುತ್ತಿದ್ದ ಚೌಡಪ್ಪ ಹಾಗೆಯೇ ಹಸುವಿನ ಮಗ್ಗುಲಿಗೆ ಒರಗಿದರು. ಅವರ ಊರಿನವನೊಬ್ಬ ಬಸ್ಸು ಹಿಡಿದು ದೊಡ್ಡಬಳ್ಳಾಪುರಕ್ಕೆ ಬಂದು ನನ್ನನ್ನು ಕರೆದ. “ಬೇಗ ಬನ್ನಿ. ಮುನಿಯಮ್ಮ ಬಳೆ ಮುಟ್ಟೋಕೆ ಯಾರನ್ನೂ ಬಿಡ್ತಾ ಇಲ್ಲ.”

ಹೋದಾಗ ಮಧ್ಯಾಹ್ನ. ಚೌಡಪ್ಪನನ್ನು ಜಗಲಿಯಲ್ಲಿ ಮಲಗಿಸಿದ್ದರು. ಹೆಂಗಸರೆಲ್ಲ ಸುತ್ತ ಕುಳಿತಿದ್ದರು, ಯಾರೂ ಇನ್ನೂ ಅಳಲು ಶುರು ಮಾಡಿರಲಿಲ್ಲ. ಮುನಿಯಮ್ಮ ತಲೆಯ ಬಳಿ ಕುಳಿತು, ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು. ಕಣ್ಣು ಒಣಗಿತ್ತು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದರು.

“ನೋಡಿ ಹೇಳಪ್ಪಾ” ಎಂದರು.

ನಾನು ಕುಳಿತೆ. ಹಣೆ ಮುಟ್ಟಿದೆ. ಹುಬ್ಬಿನ ಗಾಯ ಮುಟ್ಟಿದೆ. ಕೆನ್ನೆಯ ಮೇಲೆ ಅಂಗೈ ಇಟ್ಟು, ಮೂಗಿನ ಬಳಿ ಬೆರಳು ಹಿಡಿದೆ. ಎಲ್ಲರೂ ಕಾಯುತ್ತಿದ್ದರು.

“ನನ್ ಕೆಲ್ಸ ಅಲ್ಲಮ್ಮ ಇದು” ಎಂದೆ.

ಮುನಿಯಮ್ಮ ತಲೆಯಾಡಿಸಿದರು. ಸೆರಗಿನಿಂದ ಬಳೆಯ ಕೈಗಳನ್ನು ಹೊರಗೆ ತೆಗೆದು, ಪಕ್ಕದಲ್ಲಿ ಕುಳಿತಿದ್ದ ಹೆಂಗಸರ ಮುಂದೆ ಚಾಚಿದರು.